ಮೊದಲು ಕಂಪ್ರೆಸರ್, ಆಮೇಲೆ ಲೂಪರ್

ನಮ್ಮ ಕಾಕಾನ ಜೊತೆ ಮಾತನಾಡಿದವರು ಇಡೀ ಕಲಬುರಗಿ ಜಿಲ್ಲೆಯಲ್ಲಿ ಒಬ್ಬರೂ ಇಲ್ಲ. ತಪ್ಪು ತಿಳಿಯಬೇಡಿ. ಅವನು ಮೂಗನಲ್ಲ, ಮುಂಗೋಪಿಯಲ್ಲ, ಊರವರ ಜೊತೆ ಜಗಳವೂ ಇಲ್ಲ. ಅವನ ಮಾತು ಕೇಳಿದವರು ಬೇಕಾದಷ್ಟು ಜನ ಇದ್ದಾರೆ. ಆದರೆ ಮಾತನಾಡುವುದು ಎಂದರೆ ಎರಡೂ ಕಡೆಯಿಂದ ನಡೆಯಬೇಕಾದ ಕೆಲಸವಲ್ಲವೇ? ಆ ಎರಡನೆಯ ಕಡೆಗೆ ಕಾಕಾ ಅವಕಾಶ ಕೊಟ್ಟ ದಾಖಲೆ ಎಲ್ಲಿಯೂ ಇಲ್ಲ. ನೀವು "ಕಾಕಾ, ನಾಳೆ..." ಎಂದು ಶುರು ಮಾಡಿದಿರೋ, ನಾಳೆ ಏನಾಗುತ್ತದೆ ಎಂದು ಅವನೇ ಹೇಳಿ, ಅದು ಯಾಕೆ ತಪ್ಪು ಎಂದೂ ಹೇಳಿ, ನಾಡಿದ್ದಿನ ವಿಷಯಕ್ಕೆ ಹೋಗಿರುತ್ತಾನೆ.

ಹೆಣ್ಣು ನೋಡಲು ಹೋದಾಗಲೂ ಹೀಗೆಯೇ ಮಾಡಿದನಂತೆ. "ಹೆಸರೇನು?" ಎಂದು ಕೇಳಿದ. ಹುಡುಗಿ ಬಾಯಿ ತೆರೆಯುವುದರೊಳಗೆ ಆ ಹೆಸರನ್ನು ತಾನೇ ಹೇಳಿ, ಅದೇ ಹೆಸರಿನವರು ನಮ್ಮ ಬಳಗದಲ್ಲಿ ಇನ್ನೂ ಎಷ್ಟು ಜನ ಇದ್ದಾರೆ ಎಂದು ಲೆಕ್ಕ ಕೊಟ್ಟ. ಹುಡುಗಿಗೆ ಒಪ್ಪಿಗೆಯೇ ಎಂದು ಹಿರಿಯರು ಕೇಳಿದರು. ಅದಕ್ಕೂ ಕಾಕಾನೇ ಹೌದು ಅಂದ. ಆ ಹುಡುಗಿಯೇ ನಮ್ಮ ಕಾಕು. "ಒಲ್ಲೆ ಅನ್ನೂದಿತ್ತು ಮಗಳ, ನಡುವ ಜಾಗಾನೇ ಸಿಗಲಿಲ್ಲ," ಎಂದು ಆಕೆ ನನ್ನ ಮುಂದೆ ಹೇಳಿ ನಗುತ್ತಿದ್ದಳು. ಅದನ್ನೂ ಹೇಳುತ್ತಿದ್ದುದು ಕಾಕಾ ಮನೆಯಲ್ಲಿ ಇಲ್ಲದಾಗ ಮಾತ್ರ.

ಕಾಕಾ ನನ್ನ ಅಪ್ಪನ ತಮ್ಮ. ಕಮಲಾಪುರದಲ್ಲಿ ಇರುತ್ತಾನೆ. ನಾನು ಕಲಬುರಗಿಯಲ್ಲಿ, ಶರಣಬಸವೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ಮನೆ ಮಾಡಿಕೊಂಡು, ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಬಸ್ಸು ಹತ್ತಿದರೆ ಒಂದು ತಾಸಿನ ದಾರಿ. ರಜೆಯ ದಿನ ನಾನು ಅಲ್ಲಿಗೆ ಹೋಗುವುದು, ಸಂತೆಗೆ, ರಿಪೇರಿಗೆ ಎಂದು ಅವನು ಇಲ್ಲಿಗೆ ಬರುವುದು, ಇದು ವರ್ಷಗಳಿಂದ ನಡೆದು ಬಂದಿದೆ. ನನ್ನ ಬಳಿ ನಗುವುದಕ್ಕೆ ಕಾಕಾನ ಕಥೆಗಳು ಬೇಕಾದಷ್ಟಿವೆ. ಹೇಳುವಾಗ ನಡುವೆ ನನ್ನ ದನಿ ಬಿದ್ದರೆ ಓದುಗರು ದೊಡ್ಡ ಮನಸ್ಸು ಮಾಡಬೇಕು.

ಅವನ ಉದ್ಯೋಗವೂ ಅವನ ಬಾಯಿಗೆ ಒಪ್ಪುವಂಥದ್ದೇ. ಕಮಲಾಪುರದ ಬಸ್‌ಸ್ಟ್ಯಾಂಡ್ ಹತ್ತಿರ ಅವನದೊಂದು ಸೌಂಡ್ ಸರ್ವಿಸ್ ಅಂಗಡಿ. ಮದುವೆ, ಜಾವಳ, ಭಾಷಣ, ಶೋಕಸಭೆ, ಏನೇ ಇರಲಿ, ಮೈಕ್ ಸೆಟ್ ಅವನದು. ಮೈಕ್ ಸರಿ ಇದೆಯೇ ಎಂದು ನೋಡಲು ಬೇರೆಯವರು ಎರಡು ಸಲ ಹಲೋ ಅನ್ನುತ್ತಾರೆ. ಕಾಕಾ ಅರ್ಧ ತಾಸು ಅನ್ನುತ್ತಿದ್ದ. ಪರೀಕ್ಷೆಯ ನೆಪದಲ್ಲಿ ಊರ ಸುದ್ದಿ, ಬಿಸಿಲಿನ ಸುದ್ದಿ, ಯಾರ ಚಪ್ಪಲಿ ಯಾರ ಕಾಲಲ್ಲಿ ಹೋಗಿದೆ ಎಂಬ ಸುದ್ದಿ, ಎಲ್ಲವೂ ಮೈಕಿನಲ್ಲಿ. ಒಮ್ಮೆ ಊರ ಹಿರಿಯರೊಬ್ಬರ ಶೋಕಸಭೆ. ಎರಡು ನಿಮಿಷ ಮೌನ ಆಚರಿಸಬೇಕೆಂದು ಎಲ್ಲರೂ ಎದ್ದು ನಿಂತು ತಲೆ ತಗ್ಗಿಸಿದರು. ಸೂಜಿ ಬಿದ್ದರೂ ಕೇಳಬೇಕು, ಅಷ್ಟು ಶಾಂತ. ಆಗ ನಾಲ್ಕೂ ಸ್ಪೀಕರಿನಿಂದ ಕಾಕಾನ ದನಿ ಬಂತು: "ಅರ್ಧಾ ನಿಮಿಷ ಆತು ನೋಡ್ರಿ, ಇನ್ನ ಒಂದೂವರಿ ಉಳದದ. ಹಂಗೇ ನಿಂದರ್ರಿ." ತೀರಿಹೋದವರ ಮಗನೇ ನಕ್ಕುಬಿಟ್ಟನಂತೆ.

ಇಂಥ ಗಂಡನ ಮನೆಯಲ್ಲಿ ಕಾಕುವಿನ ದನಿ ಪೂರ್ತಿ ಕೇಳುತ್ತಿದ್ದುದು ವಾರಕ್ಕೆ ಒಂದೇ ತಾಸು. ಸೋಮವಾರ ಸಂಜೆ, ಬಸವಣ್ಣನ ಗುಡಿಯ ಭಜನೆಯಲ್ಲಿ. ಭಜನೆಯ ಪದ್ಧತಿ ನಿಮಗೆ ಗೊತ್ತೇ ಇದೆ. ಒಬ್ಬರು ಎತ್ತಿ ಹಾಡಬೇಕು, ಉಳಿದವರು ಹಿಂದೆ ಪಲ್ಲವಿ ಹಿಡಿಯಬೇಕು, ನಡುವೆ ಯಾರೂ ಬಾಯಿ ಹಾಕುವಂತಿಲ್ಲ. ಎತ್ತಿ ಹಾಡುವವಳು ಯಾವಾಗಲೂ ಕಾಕು. ಗುಡಿಯಲ್ಲಿ ಆಕೆ ಹಾಡಿದರೆ ಬಸ್‌ಸ್ಟ್ಯಾಂಡಿನಲ್ಲಿ ಕೂತವರಿಗೆ ಕೇಳುತ್ತಿತ್ತು. ಆ ದನಿಗೆ ಮೈಕು ಬೇಕಾಗಿಯೇ ಇರಲಿಲ್ಲ. ಕಾಕಾ ಸುಮ್ಮನೆ ಪ್ರೀತಿಗೆ ಹಚ್ಚುತ್ತಿದ್ದ. ಹಚ್ಚಿ, ಪಕ್ಕದಲ್ಲಿ ಕೂತು, ಒಂದು ತಾಸು ತುಟಿ ಕಚ್ಚಿಕೊಂಡಿರುತ್ತಿದ್ದ. ಮಂಗಳಾರತಿ ಮುಗಿದ ಕೂಡಲೇ ಆ ಒಂದು ತಾಸಿನ ಬಾಕಿಯನ್ನೂ ಸೇರಿಸಿ ಮಾತನಾಡುತ್ತಿದ್ದ.

ಇನ್ನು ಗಿಟಾರ್. ಕಲಬುರಗಿಯ ಒಂದು ಆರ್ಕೆಸ್ಟ್ರಾ ಮುಚ್ಚಿದಾಗ ಅವರ ಹಳೆಯ ಸ್ಪೀಕರುಗಳ ಜೊತೆ ಒಂದು ಗಿಟಾರೂ ಕಾಕಾನ ಅಂಗಡಿಗೆ ಬಂತು. ಆಗ ಅವನಿಗೆ ಐವತ್ತೆಂಟು. ಬೇರೆಯವರು ಆ ವಯಸ್ಸಿಗೆ ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಾರೆ. ಕಾಕಾ ಫೋನಿನಲ್ಲಿ ನೋಡಿಕೊಂಡು ಗಿಟಾರ್ ಕಲಿಯಲು ಕೂತ. ಸುಮಾರಾಗಿ ಕಲಿತೂಬಿಟ್ಟ. ತಬಲಾದವನೊಬ್ಬ, ಹಾರ್ಮೋನಿಯಂ ಮಾಸ್ತರೊಬ್ಬರು ಸಾಥ್ ಕೊಡಲು ಬಂದರು. ಎರಡನೆಯ ವಾರಕ್ಕೆ ಇಬ್ಬರೂ ಬರುವುದನ್ನು ಬಿಟ್ಟರು. "ಬಾರಸಾಕ ಕರದು ಬರೇ ಭಾಷಣಾ ಕೇಳಸ್ತಾನ್ರೀ," ಎಂದು ಮಾಸ್ತರು ನನ್ನ ಹತ್ತಿರ ಅಲವತ್ತುಕೊಂಡರು.

ಸಾಥಿಗೆ ಯಾರೂ ಇಲ್ಲದ ಮೇಲೆ ಕಾಕಾ ಲೂಪರ್ ಎಂಬ ಡಬ್ಬಿಯನ್ನು ತರಿಸಿದ. ಇಟ್ಟಿಗೆಗಿಂತ ಚಿಕ್ಕದು. ಕಾಲಲ್ಲಿ ಒತ್ತಿ ಏನಾದರೂ ಬಾರಿಸಬೇಕು. ಮತ್ತೆ ಒತ್ತಿದರೆ ಬಾರಿಸಿದ್ದನ್ನೇ ಅದು ತಿರುತಿರುಗಿ ಕೇಳಿಸುತ್ತದೆ. ಅದರ ಮೇಲೆ ಇನ್ನೊಂದು ಪದರ ಬಾರಿಸಬಹುದು, ಅದರ ಮೇಲೆ ಮತ್ತೊಂದು. ಒಬ್ಬನೇ ಕೂತು ನಾಲ್ಕು ಜನರ ಮೇಳ ಕಟ್ಟಬಹುದು. ಅಂತೂ ಕಾಕಾನಿಗೆ ತಕ್ಕ ಜೊತೆಗಾರ ಸಿಕ್ಕಿದ, ಅವನು ಕಾಕಾನೇ ಆಗಿದ್ದ. ಕಾಕು ಒಂದು ದಿನ ನೋಡಿ ಹೇಳಿದಳು: "ಇಷ್ಟ್ ದಿನಾ ಒಬ್ರ ಇದ್ರಿ. ಈಗ ನಾಕ್ ಮಂದಿ ಆದ್ರಿ. ನಾ ಎಲ್ಲಿ ಹೋಗ್ಲಿ?"

ಮೈಕ್ ಸೆಟ್ಟಿನವನಾದ್ದರಿಂದ ಗಿಟಾರಿನ ವೈರನ್ನೂ ಮೈಕಿನ ವೈರನ್ನೂ ಒಂದೇ ಮಿಕ್ಸರಿಗೆ ಸೇರಿಸಿ, ಅಲ್ಲಿಂದ ಡಬ್ಬಿಗೆ, ಡಬ್ಬಿಯಿಂದ ಸ್ಪೀಕರಿಗೆ ಕೊಟ್ಟಿದ್ದ. ಮೊದಲ ದಿನವೇ ಎಡವಟ್ಟಾಯಿತು. ಗಿಟಾರ್ ಬಾರಿಸುತ್ತ ಬಾರಿಸುತ್ತ "ಏ, ಚಾ ತಾ" ಎಂದು ಒಳಗೆ ಕೂಗಿದ. ಅದೂ ಲೂಪರಿನಲ್ಲಿ ಸೇರಿತು. ಡಬ್ಬಿ ತಾಳಕ್ಕೆ ಸರಿಯಾಗಿ ಚಹಾ ಕೇಳತೊಡಗಿತು. ಹತ್ತು ಸಲ, ಇಪ್ಪತ್ತು ಸಲ. ಕಾಕು ಕೈಯಲ್ಲಿ ಕಪ್ಪು ಹಿಡಿದು ಬಾಗಿಲಲ್ಲಿ ನಿಂತವಳು ಮೆಲ್ಲಗೆ ಏನೋ ಅಂದಳು. ಅದು ಯಾರಿಗೂ ಕೇಳಿಸಲಿಲ್ಲ. ನಾನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ.

ಪದರ ಹೆಚ್ಚಿದಂತೆ ಹೊಸ ತೊಂದರೆ ಬಂತು. ಕಾಕಾನ ಕೈ ಅವನ ಬಾಯಿಯ ಹಾಗೆಯೇ. ಒಂದು ಪೆಟ್ಟು ಗುಡುಗಿದರೆ ಇನ್ನೊಂದು ಕೇಳಿಸುವುದೇ ಇಲ್ಲ. ಮೊದಲ ಪದರ ಜೋರಾದರೆ ಎರಡನೆಯದು ಅದರ ಕೆಳಗೆ ಸತ್ತೇಹೋಗುತ್ತಿತ್ತು. ಇದಕ್ಕೆ ಔಷಧಿ ಹುಡುಕಿಕೊಂಡು ಕಲಬುರಗಿಯ ಮೋಮಿನಪುರದಲ್ಲಿ ಆಂಪ್ಲಿಫೈಯರ್ ರಿಪೇರಿ ಮಾಡುವ ಹಳೆಯ ಉಸ್ತಾದರೊಬ್ಬರ ಬಳಿ ಹೋದ. ನಾನೂ ಜೊತೆಗಿದ್ದೆ. ಉಸ್ತಾದರು ಹೆಡ್‌ಫೋನ್ ಹಾಕಿಕೊಂಡು ಏನೋ ತಪಾಸಣೆ ಮಾಡುತ್ತಿದ್ದರು. ಕಾಕಾ ಅವರ ಎದುರಿಗೆ ಕೂತು ತನ್ನ ಕಷ್ಟವನ್ನೆಲ್ಲ ಹೇಳಿದ. ಮುಕ್ಕಾಲು ತಾಸಾದ ಮೇಲೆ ಉಸ್ತಾದರು ಹೆಡ್‌ಫೋನ್ ತೆಗೆದು ಕೇಳಿದರು: "ಹಾಂ ಭಾಯ್, ಕಬ್ ಆಯೇ? ಯಾವಾಗ ಬಂದ್ರಿ?"

ಅಲ್ಲಿ ಸಿಕ್ಕಿದ್ದೇ ಕಂಪ್ರೆಸರ್. ಅದೂ ಅಂಥದ್ದೇ ಒಂದು ಕರಿಯ ಡಬ್ಬಿ. ಕಮಲಾಪುರದವರು ಪಂಕ್ಚರ್ ಅಂಗಡಿಯ ಕಂಪ್ರೆಸರನ್ನಷ್ಟೇ ಬಲ್ಲವರು, ಇದರಲ್ಲಿ ಎಷ್ಟು ಗಾಳಿ ಹಿಡಿಯುತ್ತದೆ ಎಂದು ಕೇಳಿದರು. ಕಾಕಾ ಒಬ್ಬೊಬ್ಬರಿಗೂ ಬಿಡಿಸಿ ಹೇಳಿದ. "ಮದವಿ ಪಂಕ್ತಿಯೊಳಗ ಬಡಸೂ ಮುತ್ಯಾ ಇರ್ತಾನಲ್ಲ, ಹಂಗ ಇದು. ಹೋಳಿಗಿ ಹೋಳಿಗಿ ಅಂತ ಒದರಾವಗ ಅರ್ಧಾ ಹಾಕ್ತಾನ. ಬಾಯಿ ಬಿಡದ ಕುಂತಾಕಿಗಿ ಕೇಳದ ಎರಡ ಹಾಕ್ತಾನ. ಎಲ್ಲಾರ ಎಲಿನೂ ಸಮ." ವಿಜ್ಞಾನದ ಟೀಚರ್ ನಾನು, ಇದಕ್ಕಿಂತ ಚೆನ್ನಾಗಿ ಹೇಳಲಾರೆ. ಜೋರಾದ ಸದ್ದಿನ ತಲೆ ಒತ್ತುವುದು, ಸಣ್ಣ ಸದ್ದನ್ನು ಕೈ ಹಿಡಿದು ಎತ್ತುವುದು. ಅಷ್ಟೇ ಅದರ ಕೆಲಸ.

ಡಬ್ಬಿಗಳು ಎರಡಾದ ಮೇಲೆ ಯಾವುದು ಮುಂದೆ, ಯಾವುದು ಹಿಂದೆ ಎಂಬ ಪ್ರಶ್ನೆ. ಈ ವಿಷಯದಲ್ಲಿ ಕಾಕಾ ಮಠದ ಸ್ವಾಮಿಗಳಿಗಿಂತ ಕಟ್ಟುನಿಟ್ಟು. ಮೊದಲು ಕಂಪ್ರೆಸರ್, ಆಮೇಲೆ ಲೂಪರ್. ಹಾಗಿದ್ದರೆ ಪ್ರತಿಯೊಂದು ಪದರವೂ ಮೊದಲೇ ಸಮವಾಗಿ ಒಳಗೆ ಹೋಗುತ್ತದೆ, ಒಂದರ ಗೊಡವೆಗೆ ಇನ್ನೊಂದು ಬರುವುದಿಲ್ಲ. ತಿರುಗುಮುರುಗು ಇಟ್ಟರೆ? "ಇಟ್ರ ಹಾಳಾತು. ಈಗ ಬಾರಸೂದರ ಜೋರಿಗೆ ಒಳಗ ಹಾಡಿಟ್ಟದ್ದು ಕುಗ್ಗತದ. ಹೊಸಾದು ಬಂದು ಹಳೇದರ ಎದಿ ಮ್ಯಾಲ ಕುಂತಂಗ." ಡಬ್ಬಿಗಳ ಮೇಲೆ ಒಂದು, ಎರಡು ಎಂದು ಚೀಟಿ ಅಂಟಿಸಿದ. ನಾನು ಹೋದಾಗಲೆಲ್ಲ ಮಗ್ಗಿ ಕೇಳುವ ಹಾಗೆ ಕೇಳುತ್ತಿದ್ದ. ಉತ್ತರವನ್ನು ಮಾತ್ರ, ಎಂದಿನಂತೆ, ಅವನೇ ಹೇಳುತ್ತಿದ್ದ.

ಆ ವರ್ಷ ಕಾಕುವಿನ ಕೈ ನಡುಗಲು ಶುರುವಾಯಿತು. ಚಹಾದ ಕಪ್ಪು ಬಸಿಯಲ್ಲಿ ಗಿಲಿಗಿಲಿ ಅನ್ನತೊಡಗಿತು. ಕಲಬುರಗಿಗೆ ಕರೆದುಕೊಂಡು ಬಂದೆವು. ಡಾಕ್ಟರು ಕಾಕುವನ್ನು ನೋಡಿ, "ಏನಮ್ಮ, ಏನಾಗುತ್ತೆ?" ಎಂದರು. ಕಾಕಾ ಉತ್ತರ ಕೊಟ್ಟ. "ಊಟ ಸೇರುತ್ತಾ?" ಕಾಕಾ ಕೊಟ್ಟ. "ನಿದ್ದೆ?" ಅದಕ್ಕೂ ಕೊಟ್ಟ, ತನ್ನ ನಿದ್ದೆಯ ವಿವರವನ್ನೂ ಸೇರಿಸಿದ. ಕೊನೆಗೆ ಡಾಕ್ಟರು ಪೆನ್ನು ಕೆಳಗಿಟ್ಟು, "ನೀವು ಸ್ವಲ್ಪ ಸುಮ್ಮನಿರಿ, ಅವರೇ ಹೇಳಲಿ," ಎಂದರು. ಕಾಕಾ ಬಾಯಿ ಮುಚ್ಚಿದ. ಕಾಕು ಹೇಳಿದಳು. ಆಕೆಯ ತುಟಿ ಅಲುಗಾಡುವುದು ಕಾಣಿಸಿತು, ಮಾತು ಮೇಜಿನ ಈ ಕಡೆಗೂ ದಾಟಲಿಲ್ಲ. ಡಾಕ್ಟರು ಬಗ್ಗಿ ಕಿವಿ ಕೊಟ್ಟು ಕೇಳಿಸಿಕೊಂಡರು. ಆಮೇಲೆ ಕಾಕಾನ ಕಡೆಗೆ ತಿರುಗಿ, "ದನಿ ಹೀಗೆ ಸಣ್ಣಗಾಗಿ ಎಷ್ಟು ದಿನವಾಯಿತು?" ಎಂದು ಕೇಳಿದರು.

ಕಾಕಾನ ಬಳಿ ಉತ್ತರ ಇರಲಿಲ್ಲ. ನಾನು ಅವನನ್ನು ಹಾಗೆ ಕಂಡದ್ದು ಅದೇ ಮೊದಲು. ಅವನು ನನ್ನ ಮುಖ ನೋಡಿದ. ನನಗೂ ಗೊತ್ತಿರಲಿಲ್ಲ. ತಿಂಗಳಿಗೆ ಎರಡು ಸಲ ಆ ಮನೆಗೆ ಹೋಗುತ್ತಿದ್ದೆ, ಕಾಕಾನ ಮಾತಿಗೆ ನಕ್ಕು ನಕ್ಕು ಬರುತ್ತಿದ್ದೆ. ಅಡುಗೆಮನೆಯ ಬಾಗಿಲಲ್ಲಿ ನಿಂತವಳ ದನಿ ದಿನದಿನಕ್ಕೆ ಬತ್ತುತ್ತಿರುವುದನ್ನು ಒಂದು ಸಲವೂ ಗಮನಿಸಲಿಲ್ಲ. ನನಗೆ ನಾಚಿಕೆಯಾಯಿತು. ಇಂದಿಗೂ ಆಗುತ್ತದೆ. ನರಗಳ ರೋಗ, ಬೇಗ ಬೇಗ ಹೆಚ್ಚುವಂಥದ್ದು, ನಡುಕದ ಜೊತೆ ದನಿಯೂ ಕುಗ್ಗುತ್ತ ಹೋಗುತ್ತದೆ, ಗುಳಿಗೆಯಿಂದ ಸ್ವಲ್ಪ ತಡೆಯಬಹುದು, ನಿಲ್ಲಿಸಲಾಗದು ಎಂದರು ಡಾಕ್ಟರು. ತಿರುಗಿ ಹೋಗುವಾಗ ಬಸ್ಸಿನಲ್ಲಿ ಕಾಕಾ ಕಿಟಕಿಯ ಹೊರಗೆ ನೋಡುತ್ತ ಕೂತಿದ್ದನಂತೆ. ಕಂಡಕ್ಟರು ಮೈಯಲ್ಲಿ ಹುಷಾರಿಲ್ಲವೇನು ಎಂದು ಕೇಳಿದನಂತೆ.

ಗುಡಿಯ ಹೆಂಗಸರು ಒಳ್ಳೆಯವರು. ಕಾಕುವಿನ ದನಿ ಕೇಳಿಸದಾದಾಗ ಯಾರೂ ಏನೂ ಅನ್ನಲಿಲ್ಲ. ಮೆಲ್ಲಗೆ ಇನ್ನೊಬ್ಬಾಕೆ ಎತ್ತಿ ಹಾಡತೊಡಗಿದಳು. ಕಾಕು ಹಿಂದಿನ ಸಾಲಿನಲ್ಲಿ ಕೂತು ತಾಳ ಹಿಡಿಯುತ್ತಿದ್ದಳು. ನಡುಗುವ ಕೈಯಿಂದ ತಾಳವೂ ತಪ್ಪತೊಡಗಿದ ಮೇಲೆ ಅದನ್ನೂ ಕೆಳಗಿಟ್ಟಳು. ಒಂದು ಭಾನುವಾರ ಕಾಕಾ ಸಂತೆಗೆ ಹೋಗಿದ್ದಾಗ ನನ್ನನ್ನು ಹತ್ತಿರ ಕರೆದು, ಕಿವಿಯ ಬಳಿ ಬಾಯಿ ತಂದು ಹೇಳಿದಳು: "ಒಂದೇ ಒಂದ್ ಸೋಮಾರ, ನಾ ಎತ್ತಿ ಹಾಡಬೇಕನಸ್ತದ ಮಗಳ. ಪೂರಾ ಹೋಗೂದ್ರಾಗ." ನಾನು ಕಾಕಾನಿಗೆ ಹೇಳಿದೆ. ಅವನು ಪೂರ್ತಿ ಕೇಳಿಸಿಕೊಂಡ, ನಡುವೆ ಬಾಯಿ ಹಾಕಲಿಲ್ಲ.

ಆವತ್ತಿನಿಂದ ಗಿಟಾರ್ ಗೋಡೆಗೆ ಒರಗಿತು, ಡಬ್ಬಿಗಳು ಕಾಕುವಿನ ಸೇವೆಗೆ ಬಂದವು. ಕಾಕಾನ ಯೋಜನೆ ಸರಳವಾಗಿತ್ತು. ಕಾಕು ಮೈಕಿಗೆ ತುಟಿ ಹಚ್ಚಿ ಪಲ್ಲವಿಯನ್ನು ಪಿಸುಗುಟ್ಟಬೇಕು. ಕಂಪ್ರೆಸರ್ ಆ ಪಿಸುದನಿಯನ್ನು ಎತ್ತಿ ಕೊಡುತ್ತದೆ. ಲೂಪರ್ ಅದನ್ನು ಹಿಡಿದಿಡುತ್ತದೆ. ಪಲ್ಲವಿ ಒಂದು ಸುತ್ತು, ಅಷ್ಟೇ ಹೊತ್ತು ಖಾಲಿ ಇನ್ನೊಂದು ಸುತ್ತು. ಆ ಖಾಲಿ ಜಾಗದಲ್ಲಿ ಆಕೆ ಮುಂದಿನ ಸಾಲನ್ನು ಹಾಡಬಹುದು, ತಿರುಗಿ ಪಲ್ಲವಿ ಬರುವಾಗ ದಣಿವಾರಿಸಿಕೊಳ್ಳಬಹುದು. ಅಡಚಣೆ ಒಂದೇ. ಕಂಪ್ರೆಸರ್ ಎಂಬ ಈ ಬಡಿಸುವ ಮುತ್ಯಾನಿಗೆ ಆಳು ಗುರುತಿಲ್ಲ. ಸಣ್ಣ ಸದ್ದು ಯಾವುದೇ ಇರಲಿ, ಎತ್ತಿಬಿಡುತ್ತಾನೆ. ಫ್ಯಾನಿನ ಗರಗರ, ಪಕ್ಕದ ಮನೆಯ ಕುಕ್ಕರು, ಹಿತ್ತಲಿನ ಎಮ್ಮೆ ಮೆಲುಕು ಹಾಕುವುದು, ಎಲ್ಲವೂ ಕಾಕುವಿನ ದನಿಯಷ್ಟೇ ಗತ್ತಿನಿಂದ ಬಂದು ಕೂರುತ್ತಿದ್ದವು.

ಹಾಗಾಗಿ ಫ್ಯಾನು ಬಂದ್, ಕಿಟಕಿ ಬಂದ್. ನಮ್ಮ ಕಡೆಯ ವೈಶಾಖದ ಮಧ್ಯಾಹ್ನ ಎಂದರೆ ನೀವು ಬಲ್ಲಿರಿ. ಮೂವರೂ ಬೆವರಿನಲ್ಲಿ ತೊಯ್ದು ಕೂರುತ್ತಿದ್ದೆವು. ಎಲ್ಲಕ್ಕಿಂತ ದೊಡ್ಡ ಸದ್ದನ್ನು ಬಂದ್ ಮಾಡುವುದು ಹೇಗೆ? ಕಾಕು ಕಣ್ಣು ಮುಚ್ಚಿ ಪಲ್ಲವಿ ಎತ್ತುತ್ತಿದ್ದಳು. ಚಂದ ಬರುತ್ತಿತ್ತು. ಇನ್ನೇನು ಮುಗಿಯಬೇಕು ಎನ್ನುವಾಗ ಪಕ್ಕದಿಂದ "ಭೇಷ್" ಎಂದು ಕಾಕಾ. ಲೂಪರ್ ಅದನ್ನೂ ಹಿಡಿಯುತ್ತಿತ್ತು. ಕಂಪ್ರೆಸರ್ ಎಷ್ಟು ತಲೆ ಒತ್ತಿದರೂ ಆ ಭೇಷ್ ಕಾಕುವಿನ ಮೇಲೆಯೇ ಬಂದು ಬೀಳುತ್ತಿತ್ತು. ಅಳಿಸಿ ಮತ್ತೆ ಮೊದಲಿನಿಂದ. ಎರಡನೆಯ ಸಲ "ವಾಹ್". ಮೂರನೆಯ ಸಲ ಬರೀ ನಿಟ್ಟುಸಿರು, ಅದೂ ಜೋರಾಗಿ. ನಾಲ್ಕೈದು ಸಲ ಹಾಡುವುದರೊಳಗೆ ಕಾಕುವಿನ ಆ ದಿನದ ದನಿ ಮುಗಿದುಹೋಗುತ್ತಿತ್ತು. ಕಾಕಾ ಬಾಯಿಗೆ ಟವೆಲ್ ಕಟ್ಟಿಕೊಂಡು ಕೂತದ್ದೂ ಉಂಟು. ಅವನ ಕಣ್ಣಲ್ಲಿ ನೀರು ತುಂಬಿರುವುದನ್ನು ನಾನು ಕಂಡೆ. ಇಡೀ ಊರನ್ನು ಸುಮ್ಮನಿರಿಸಿದವನಿಗೆ ತನ್ನೊಬ್ಬನನ್ನು ಸುಮ್ಮನಿರಿಸುವುದು ಆಗುತ್ತಿರಲಿಲ್ಲ.

ಕಾಯುವುದಕ್ಕೆ ದಿನಗಳಿರಲಿಲ್ಲ. ದನಿ ವಾರವಾರಕ್ಕೆ ಇಳಿಯುತ್ತಿತ್ತು. ಪಲ್ಲವಿಯನ್ನು ಮನೆಯಲ್ಲಿ ಮೊದಲೇ ತುಂಬಿಟ್ಟುಕೊಳ್ಳುವುದು ಬೇಡ, ಗುಡಿಯಲ್ಲಿಯೇ ಎಲ್ಲರೆದುರು ಹಿಡಿಯೋಣ, ಅಲ್ಲಾದರೆ ಕಾಕಾನಿಗೆ ಸುಮ್ಮನೆ ಕೂತು ರೂಢಿಯಿದೆ ಎಂದು ತೀರ್ಮಾನವಾಯಿತು. ತಾನು ಗಿಟಾರನ್ನು ಮೆಲ್ಲಗೆ ಹಿಂದೆ ಹಿಡಿಯುತ್ತೇನೆ, ಆಕೆಗೆ ಆಸರೆಯಾಗುತ್ತದೆ ಎಂದ. ಕೈಗೆ ಕೆಲಸವಿದ್ದರೆ ಬಾಯಿ ಸುಮ್ಮನಿರುತ್ತದೆ ಎಂದು ನಾನೂ ಒಪ್ಪಿದೆ.

ಆ ಸೋಮವಾರ ನಾನು ಅರ್ಧ ದಿನ ರಜೆ ಹಾಕಿ ಹೋದೆ. ಕಾಕು ಇಳಕಲ್ ಸೀರೆ ಉಟ್ಟು, ಮೈಕಿನ ಮುಂದೆ ಕೂತಿದ್ದಳು. ಹೆಂಗಸರೆಲ್ಲ ಸುತ್ತ ಸೇರಿದ್ದರು. ನಾನು ವೈರುಗಳನ್ನು ಜೋಡಿಸಿ, ಡಬ್ಬಿಗಳನ್ನು ನೆಲದ ಮೇಲಿಟ್ಟು, ನೀರು ಕುಡಿಯಲು ಹೋದೆ. ಬರುವಷ್ಟರಲ್ಲಿ ಭಜನೆಯ ಹಿರಿಯಜ್ಜಿ ಒಬ್ಬರು ಎರಡೂ ಡಬ್ಬಿಗಳಿಗೆ ಮೂರು ಬೆರಳಿನಿಂದ ದಪ್ಪಗೆ ವಿಭೂತಿ ಬಳಿದು, ಹೂವಿಟ್ಟು, ಕೈ ಮುಗಿದು ಕೂತಿದ್ದರು. ಕಾಕುವಿನ ದನಿ ಕೊಡುವ ದೇವರಲ್ಲವೇ ಅವು! ಅಷ್ಟರಲ್ಲಿ ಕಾಕಾ ಬಂದು, ಅಭ್ಯಾಸದಂತೆ, ಲೂಪರಿನ ಮೇಲೆ ಪಾದ ಇಡಲು ಹೋದ.

"ಏ, ಏನ್ ಮಾಡ್ತೀಯೋ? ಇಬತ್ತಿ ಹಚ್ಚಿದ ಮ್ಯಾಲ ಕಾಲ ಇಡ್ತಾರೇನು?" ಎಂದರು ಅಜ್ಜಿ.

"ಯವ್ವಾ, ಇದು ಕಾಲೀಲೇ ಒತ್ತೂದು."

"ಕೈಲೇ ಒತ್ತು. ಕೈ ಇಲ್ಲೇನು ನಿನಗ?"

ಅಜ್ಜಿಯ ಮಾತಿಗೆ ಎದುರಿಲ್ಲ. ಡಬ್ಬಿಗಳನ್ನು ನೆಲದಿಂದ ಎತ್ತಿ ಒಂದು ಮಣೆಯ ಮೇಲೆ, ಕಾಕಾನ ಕೈಗೆ ಎಟುಕುವಂತೆ ಇಡಬೇಕಾಯಿತು. ವೈರುಗಳನ್ನು ಕಿತ್ತು ಮತ್ತೆ ಚುಚ್ಚಿದವಳು ನಾನು. ಒಂದು, ಎರಡು ಎಂಬ ಚೀಟಿಗಳು ವಿಭೂತಿಯ ಕೆಳಗೆ ಹೋಗಿದ್ದವು. ಎರಡೂ ಒಂದೇ ಬಣ್ಣ, ಒಂದೇ ಅಳತೆ, ಈಗ ಒಂದೇ ಜಾತಿ. ಕಾಕಾ ಗಿಟಾರಿನ ಶ್ರುತಿ ಮಾಡುತ್ತಿದ್ದ, ಕಾಕು ಆಗಲೇ ಕಣ್ಣು ಮುಚ್ಚಿದ್ದಳು. ಆಕೆಯ ದನಿ ಯಾವ ಕ್ಷಣಕ್ಕೆ ಕೈ ಕೊಡುತ್ತದೋ ಎಂಬ ಗಡಿಬಿಡಿಯಲ್ಲಿ ನಾನು ಅಂದಾಜಿನ ಮೇಲೆ ಚುಚ್ಚಿದೆ. ವರ್ಷವಿಡೀ ಮಗ್ಗಿ ಹೇಳಿಸಿಕೊಂಡವಳು ಮೊದಲು ಲೂಪರ್, ಆಮೇಲೆ ಕಂಪ್ರೆಸರ್ ಇಟ್ಟೆ.

ಕಾಕು ಎತ್ತಿದಳು. ಕಾಕಾ ಲೂಪರನ್ನು ಬೆರಳಿನಿಂದ ಒತ್ತಿದ, ಕೆಂಪು ದೀಪ ಹತ್ತಿತು. ಆ ಪಿಸುದನಿ ಸ್ಪೀಕರಿನಿಂದ ಹೊರಬಂದಾಗ ಹೆಂಗಸರೆಲ್ಲ ಒಮ್ಮೆ ಅಲುಗಾಡಿದರು. ಹಳೆಯ ದನಿಯಲ್ಲ ಅದು. ತೆಳ್ಳಗೆ, ನಡುಗುತ್ತ, ಆದರೆ ಸ್ಪಷ್ಟವಾಗಿ, ಗುಡಿಯ ಹೊಸ್ತಿಲವರೆಗೂ ಕೇಳುವಂಥದ್ದು. ಪಲ್ಲವಿ ಮುಗಿಯಿತು, ಕಾಕು ಉಸಿರು ತೆಗೆದುಕೊಂಡಳು, ಅಷ್ಟೇ ಹೊತ್ತು ಖಾಲಿ ಬಿಟ್ಟು ಕಾಕಾ ಮತ್ತೆ ಒತ್ತಿದ. ಪಲ್ಲವಿ ತಾನೇ ತಿರುಗಿ ಬಂತು. ಹೆಂಗಸರು ಅದಕ್ಕೆ ಮೆಲ್ಲಗೆ ದನಿ ಸೇರಿಸಿದರು. ಆಗ ಕಾಕಾ, ಹೆಮ್ಮೆಯಿಂದ, ಗಿಟಾರನ್ನು ಮೀಟಿದ.

ಮೀಟಿದ್ದೇ ತಡ, ಕಾಕು ಮುಳುಗಿದಳು. ಅವನು ಆಸರೆ ಕೊಡಲೆಂದು ಇನ್ನಷ್ಟು ಒತ್ತಿ ಬಾರಿಸಿದ. ಆಕೆ ಇನ್ನೂ ಕೆಳಗೆ ಹೋದಳು. "ಯವ್ವಾ, ಆಕಿ ದನಿ ಎಲ್ಲಿ ಹೋತು?" ಎಂದು ಯಾರೋ ಕೇಳಿದರು. ಕಾಕು ಕಣ್ಣು ತೆರೆದಳು. ಆ ಮುಖವನ್ನು ನಾನು ಮರೆಯಲಾರೆ. ನನಗೆ ಆಗ ಹೊಳೆಯಿತು, ನಾನು ಏನು ಮಾಡಿಟ್ಟಿದ್ದೇನೆ ಎಂದು. ಆಕೆ ಉಳಿಸಿಕೊಂಡು ಬಂದ ಒಂದೇ ಸೋಮವಾರವನ್ನು ಹಾಳು ಮಾಡಿದೆನಲ್ಲ! ವೈರು ಕೀಳಲೆಂದು ಅರ್ಧ ಎದ್ದೆ.

ಕಾಕಾನಿಗೂ ಗೊತ್ತಾಗಿತ್ತು. ಅವನು ಮಣೆಯ ಕಡೆ ನೋಡಲು ಬಾರಿಸುವುದನ್ನು ನಿಲ್ಲಿಸಿದ. ನಿಲ್ಲಿಸಿದ ಮೇಲೆ ಒಂದು ಉಸಿರಿನಷ್ಟು ಹೊತ್ತು. ಆಮೇಲೆ ಕಾಕುವಿನ ಪಲ್ಲವಿ ಕೆಳಗಿನಿಂದ ತಾನಾಗಿಯೇ ಏರಿ ಬಂತು. ಯಾರೂ ಏನೂ ಮುಟ್ಟಿರಲಿಲ್ಲ. ಅವನು ಒಂದು ತಂತಿಯನ್ನು ಮೀಟಿ ನೋಡಿದ. ಆಕೆ ಕುಗ್ಗಿದಳು. ಕೈ ತೆಗೆದ. ಆಕೆ ಎದ್ದಳು.

ನಾನು ವೈರಿಗೆ ಕೈ ಹಾಕಿದ್ದೆ. ಕಾಕಾ ನನ್ನ ಮಣಿಕಟ್ಟು ಹಿಡಿದು ಬೇಡ ಎಂದು ತಲೆಯಾಡಿಸಿದ. ಗಿಟಾರಿನ ಆರೂ ತಂತಿಗಳ ಮೇಲೆ ಅಂಗೈ ಇಟ್ಟ. ಇಟ್ಟ ಕೈಯನ್ನು ಮಂಗಳಾರತಿಯವರೆಗೂ ತೆಗೆಯಲಿಲ್ಲ. ಕಾಕು ಪದವನ್ನು ಕೊನೆಯ ನುಡಿಯವರೆಗೆ ಹಾಡಿದಳು. ಒಂದೊಂದು ಸಾಲಿಗೂ ಆಕೆಯ ಪಲ್ಲವಿಯೇ ಆಕೆಗೆ ಓಗೊಟ್ಟಿತು, ಹೆಂಗಸರು ಅದರ ಹಿಂದೆ ಹೋದರು. ನಡುವೆ ಆಕೆ ಉಸಿರೆಳೆದುಕೊಳ್ಳುವುದೂ ದೊಡ್ಡದಾಗಿ ಕೇಳುತ್ತಿತ್ತು. ಕಾಕಾನ ಗಲ್ಲದ ಮೇಲೆ ನೀರು ಇಳಿಯುತ್ತಿತ್ತು, ಅವನ ಬಾಯಿಂದ ನಿಟ್ಟುಸಿರೂ ಹೊರಡಲಿಲ್ಲ.

ಮುಗಿದ ಮೇಲೆ ಕಾಕು ಅವನನ್ನು ಕೈಸನ್ನೆ ಮಾಡಿ ಕರೆದಳು. ಅವನು ಬಗ್ಗಿ ಕಿವಿ ಕೊಟ್ಟ. ಮೈಕಿನ್ನೂ ಚಾಲೂ ಇದ್ದುದರಿಂದ ಆಕೆ ಹೇಳಿದ್ದು ನಮಗೆಲ್ಲ ಕೇಳಿಸಿತು.

"ಇವತ್ ಬಾಳ ಛಲೋ ಬಾರಸಿದ್ರಿ."

ಶ್ರಾವಣದಲ್ಲಿ ಕಾಕು ತೀರಿಕೊಂಡಳು. ಕೊನೆಯ ಒಂದೂವರೆ ತಿಂಗಳು ಆಕೆಗೆ ದನಿ ಎಂಬುದೇ ಇರಲಿಲ್ಲ. ಕಾಕಾ ಆಕೆಯ ತುಟಿ ನೋಡಿ ಮಾತು ತಿಳಿಯುವುದನ್ನು ಕಲಿತಿದ್ದ. ತಿಳಿಯದಿದ್ದರೆ ಇನ್ನೊಮ್ಮೆ ಹೇಳು ಎನ್ನುತ್ತಿದ್ದ, ತಾನು ಊಹಿಸಿ ಹೇಳುತ್ತಿರಲಿಲ್ಲ. ನೋಡಲು ಬಂದವರು ಇವನಿಗೇನಾಯಿತು ಎಂದು ನನ್ನನ್ನು ಕೇಳುತ್ತಿದ್ದರು.

ಹದಿನೈದು ದಿನಗಳ ಮೇಲೆ ಕಾಕಾ ಕಲಬುರಗಿಗೆ ಬಂದ. ಕೈಯಲ್ಲಿ ಚೀಲ. ಅದರಲ್ಲಿ ಎರಡು ಡಬ್ಬಿ, ಒಂದು ಪುಟ್ಟ ಸ್ಪೀಕರು. ವೈರುಗಳು ನಾನು ಅಂದು ತಪ್ಪಾಗಿ ಚುಚ್ಚಿದ ಹಾಗೆಯೇ ಇದ್ದವು, ವಿಭೂತಿ ಒರೆಸಿರಲಿಲ್ಲ. ಲೂಪರಿಗೆ ಕರೆಂಟ್ ಹೋದರೂ ಹಾಡು ಹೋಗುವುದಿಲ್ಲ, ಆ ಪಲ್ಲವಿ ಒಳಗೆ ಇದೆ ಎಂದು ಅವನು ಹೇಳಿದ.

"ಇವನ್ನ ನೀ ಇಟ್ಕೋ ಮಗಳ."

"ನನಗ್ಯಾಕ ಕಾಕಾ? ನಿನ್ನ ಹತ್ರ ಇರ್ಲಿ. ನಿನಗ ಬೇಕಾದಾಗ ಕೇಳಬಹುದಲ್ಲ."

ಅವನು ಚೀಲವನ್ನು ನನ್ನ ಕಡೆಗೆ ಸರಿಸಿದ. "ಬ್ಯಾಡ. ನನ್ನ ಕೈಯಾಗ ಇದ್ರ ಒಂದಿನ ಮ್ಯಾಲ ಏನರ ಬಾರಸಿಬಿಡ್ತೀನಿ. ನನ್ನ ಬುದ್ಧಿ ನನಗ ಗೊತ್ತದ. ಸೋಮಾರ ಸಂಜಿಗಿ ಹಚ್ಚಿ ಫೋನ್ ಮಾಡು. ಕೇಳ್ತೀನಿ."

ಹಾಗೆಯೇ ನಡೆದಿದೆ. ಸೋಮವಾರ ಸಂಜೆ ಶಾಲೆಯಿಂದ ಬಂದು, ಮುಖ ತೊಳೆದು, ಬೆರಳಿನಿಂದಲೇ ಒತ್ತುತ್ತೇನೆ. ಫೋನನ್ನು ಸ್ಪೀಕರಿನ ಮುಂದೆ ಇಡುತ್ತೇನೆ. ಪಲ್ಲವಿ ಒಂದು ಸುತ್ತು, ಖಾಲಿ ಒಂದು ಸುತ್ತು. ಆ ಕಡೆಯಿಂದ ಒಂದು ಮಾತೂ ಬರುವುದಿಲ್ಲ. ಕಳೆದ ವಾರ ಹಾಗೆ ಖಾಲಿ ಸುತ್ತು ನಡೆದಿರುವಾಗ ಫೋನು ಕಟ್ಟಾಯಿತೇನೋ ಅನ್ನಿಸಿತು. ಕೈಗೆ ತೆಗೆದುಕೊಂಡು, "ಕಾಕಾ, ಅದೀಯೇನು?" ಎಂದೆ.

"ಸುಮ್ನಿರು ಮಗಳ," ಎಂದ ಕಾಕಾ ಮೆಲ್ಲಗೆ. "ಆಕಿ ಉಸರು ತಗೊಳ್ಳಾಕತ್ತಾಳ."